ಹೌದ್ರಿ ಸರ್

ಆ ದಿನ ಬೆಳಿಗ್ಗೆಯೂ ನಾನು ಹಾಲು ಕಾಯಿಸುವ ಹೊತ್ತಿಗೆ ಪಕ್ಕದ ಮನೆಯಿಂದ ರೊಟ್ಟಿ ಬಡಿಯುವ ಸದ್ದು, ನಡುನಡುವೆ "ಹೌದ್ರಿ ಸರ್" ಎಂಬ ದನಿ ಕೇಳಿಸಿತು. ಆ ಮನೆಯಾಕೆ ಮಿರಜದ ಆಸ್ಪತ್ರೆಯೊಂದರಲ್ಲಿ ಆಯಾ. ಹಿಟ್ಟಿನ ಡಬ್ಬಿಗೆ ಮೊಬೈಲ್ ಒರಗಿಸಿ, ಪುಕ್ಕಟೆ ಸಿಗುವ ಕಂಪ್ಯೂಟರ್ ಕೋರ್ಸಿನ ವಿಡಿಯೋ ನೋಡಿ ಕಲಿಯುತ್ತಿದ್ದಳು. ಪರದೆಯ ಮೇಲೆ ಮಾಸ್ತರರು ಬಂದೊಡನೆ ತಲೆಗೆ ಸೆರಗು ಎಳೆದುಕೊಳ್ಳುವಳು. ಅವರು ಮರಾಠಿಯಲ್ಲಿ "ತಿಳಿಯಿತೇ?" ಎಂದರೆ ಬಾಯಿಬಿಟ್ಟು ಉತ್ತರ ಕೊಡುವಳು.

"ಅವರಿಗೇನ ಕೇಳಸ್ತದೇನ?" ಎಂದು ಒಮ್ಮೆ ನಕ್ಕಿದ್ದೆ.

"ಕಲಸೋರು ಕೇಳಿದ್ರ ಸುಮ್ಮ ಕುಂದ್ರೂದು ಚಂದ ಅಲ್ರಿ ವೈನಿ."

ಕಾನ್ವೆಂಟಿನಲ್ಲಿ ಸಿಸ್ಟರ್ ಕೇಳಿದರೆ ನಾನೂ ಎದ್ದುನಿಂತೇ ಉತ್ತರಿಸುತ್ತಿದ್ದೆ.

ಅಂದು ಆಸ್ಪತ್ರೆಯಲ್ಲಿ ಪೇಶಂಟರ ಹೆಸರನ್ನು ಕಂಪ್ಯೂಟರಿಗೆ ತುಂಬುವ ಕೌಂಟರಿನ ಕೆಲಸಕ್ಕೆ ಆಕೆಗೆ ಪರೀಕ್ಷೆಯಿತ್ತು. ಪಾಸಾದರೆ ಫರಶಿ ನೆಲ ಒರೆಸುವುದು ತಪ್ಪಿ ಕುರ್ಚಿ ಸಿಗುತ್ತಿತ್ತು. ಕಂಪ್ಯೂಟರಿನ ಮುಂದೆ ಕೂತವಳೇ ರೂಢಿಯಂತೆ ಸೆರಗು ಹೊದ್ದಳಂತೆ. ಕೊನೆಯಲ್ಲಿ "ಎಲ್ಲ ತುಂಬಿದಿರಾ?" ಎಂದು ಪರದೆ ಕೇಳಿದಾಗ "ಹೌದ್ರಿ ಸರ್!" ಎಂದು ಗಟ್ಟಿಯಾಗಿ ಅಂದೇಬಿಟ್ಟಳಂತೆ. ಕೋಣೆಗೆ ಕೋಣೆಯೇ ನಕ್ಕಿತಂತೆ. ಮೇಲ್ವಿಚಾರಕಿ ಬಾಯಿಯವರು ಬಂದು ನೋಡಿದರೆ ಒಂದೂ ತಪ್ಪಿಲ್ಲ. "ಯಂತ್ರಕ್ಕ ಇಷ್ಟು ಮರ್ಯಾದಿ ಕೊಡಾಕಿ, ಪೇಶಂಟಿಗೆ ಎಷ್ಟು ಕೊಟ್ಟಾಳು!" ಎಂದರಂತೆ.

"ಆತ್ರಿ ವೈನಿ! ನಾಳಿಂದ ಕುರ್ಚಿ ನಂದು!" ಎಂದು ಸಂಜೆ ಪೇಢೆ ತಂದು ನನ್ನ ಬಾಯಿಗೇ ಇಟ್ಟಳು.

ಆಕೆ ಮನೆಗೆ ಹೋದ ಸ್ವಲ್ಪ ಹೊತ್ತಿಗೇ ಮತ್ತೆ ರೊಟ್ಟಿಯ ಸದ್ದು. ಇಂಗ್ಲಿಷ್ ಮಾತಾಡುವ ಕೋರ್ಸಂತೆ, ಈಗ "ಹೌದ್ರಿ ಮೇಡಮ್."

ಎದುರುಮನೆಯ ಹಿರಿಯಾಕೆ ಕಾಕು ಮೆಂತ್ಯ ಸೋಸುತ್ತ, ತಲೆಯೆತ್ತದೇ ಅಂದರು: "ಸರ್‌ಗೆ ರಜಾ ಸಿಕ್ಕೇದ ಕಾಣ್ತದ."