ಬಾಗಿಲ ಮೇಲೆ ಅರಳಿದ ಲೋಳೆಸರ

ಇವತ್ತು ಸತ್ಯಮಂಗಲದ ಒಂದು ವರ್ಕ್‌ಶಾಪ್ ಬಾಗಿಲಿಗೆ ದೃಷ್ಟಿ ಆಗದಿರಲಿ ಅಂತ ತಲೆಕೆಳಗಾಗಿ ಕಟ್ಟಿದ್ದ ಲೋಳೆಸರ ಹೂಬಿಟ್ಟಿತ್ತು. ನೋಡ್ತಾ ನಿಂತವಳಿಗೆ ಚೇಳೂರಿನ ನಮ್ಮ ಮನೆ ನೆನಪಾಯ್ತು.

ಆಗ ಅಪ್ಪನ ತಂಗಿ ಸರೋಜತ್ತೆ ಗುಬ್ಬಿ ಕಾಲೇಜಿಗೆ ಹೋಗ್ತಿದ್ದಳು. ಬಸ್ಸಲ್ಲಿ ಯಾವನೋ ಹುಡುಗನ ಜೊತೆ ನಗ್ತಾ ಮಾತಾಡಿದಳು ಅಂತ ಸುದ್ದಿ ಬಂದದ್ದೇ ತಡ, ಅಜ್ಜಿ ಕಾಲೇಜು ಬಿಡಿಸಿದ್ರು. ಹೊಸ್ತಿಲು ದಾಟೋ ಹಾಗಿರಲಿಲ್ಲ. ಅತ್ತೆ ಇಡೀ ದಿನ ನಡುಮನೆಯಲ್ಲಿ ಕೂತು, ಕೇರಿದ ರಾಗಿಯನ್ನೇ ಮತ್ತೆ ಕೇರ್ತಿದ್ದಳು.

ಒಂದು ಬೆಳಗ್ಗೆ, ನಮ್ಮ ಬಾಗಿಲ ಮೇಲೂ ಹೀಗೇ ಕಟ್ಟಿದ್ದ ಲೋಳೆಸರದಿಂದ ಉದ್ದ ದಂಟು ಹೊರಟು, ಮೇಲಕ್ಕೆ ಬಾಗಿ, ಹಳದಿ ಹೂ ಬಿಟ್ಟಿತ್ತು. ಅಜ್ಜಿ ಅದಕ್ಕೆ ಕುಂಕುಮ ಹಚ್ಚಿ, "ನೋಡೇ, ಮಣ್ಣಿಲ್ಲ ನೀರಿಲ್ಲ, ಆದ್ರೂ ಹೂ ಬಿಟ್ಟೈತೆ. ಈ ವರ್ಷ ನಿಂಗೆ ಮದ್ವೆ ಗ್ಯಾರಂಟಿ ಕಣೇ" ಅಂದ್ರು.

"ಖುಷಿಗೆ ಬಿಟ್ಟಿಲ್ಲ ಕಣವ್ವ, ಸಾಯೋಕ್ ಮುಂಚೆ ಬಿಟ್ಟೈತೆ" ಅಂದ ಅತ್ತೆ ಸ್ಟೂಲ್ ಹತ್ತಿ ದಾರ ಕಿತ್ತಳು. ಗಿಡ ಎತ್ತಿಕೊಂಡು ಹೊಸ್ತಿಲು ದಾಟೇಬಿಟ್ಟಳು. ಬಚ್ಚಲ ನೀರು ಹರಿಯೋ ಕಡೆ ಬರಿಗೈಯಲ್ಲೇ ಮಣ್ಣು ಕೆದಕಿ ನೆಟ್ಟಳು. ಅಜ್ಜಿ ರಟ್ಟೆ ಹಿಡಿದು ಒಳಗೆ ಎಳ್ಕೊಂಡು ಬಂದ್ರು.

ಗಿಡ ಬೇರು ಬಿಡ್ತು. ಅತ್ತೆಯನ್ನ ಆ ವರ್ಷವೇ ಕುಣಿಗಲ್‌ಗೆ ಮದುವೆ ಮಾಡಿ ಕೊಟ್ರು. ಈಗಲೂ ನಾನು ಫೋನ್ ಮಾಡಿದ್ರೆ ಅವಳು ಸ್ಪೀಕರ್ ಹಾಕಿಯೇ ಮಾತಾಡಬೇಕು. ಮಾವ ಪಕ್ಕದಲ್ಲೇ ಕೂತಿರ್ತಾರೆ.