ಅಡವಯ್ಯನವರ ಬಲಗಡೆಯ ಮಿದುಳು

ದೊಡ್ಡೇರಿಯ ಅಡವಯ್ಯನವರು ನನ್ನ ಅಕ್ಕನ ಗಂಡ. ಹೋಬಳಿಯಲ್ಲಿ ಯಾರ ಮನೆಯಲ್ಲಿ ಜಗಳವಾದರೂ ನ್ಯಾಯ ಹೇಳಲು ಇವರೇ ಬೇಕು. ಅಷ್ಟು ಮಾತಾಡುವ ಬಾಯಲ್ಲಿ ಒಂದು ಕೆಟ್ಟ ಪದ ಬಂದದ್ದನ್ನು ಯಾರೂ ಕೇಳಿರಲಿಲ್ಲ. ನಾನು ಎಮ್ಮೆಗೆ ಬೈದರೂ ನನಗೆ ಉಪದೇಶ! ಅಂಥವರು ಮಗಳು ಶಿವರಂಜನಿಯನ್ನು ಒಂದು ಮಾತೂ ಕೇಳದೆ, ಕೊರಟಗೆರೆಯ ಲಕ್ಷ್ಮೀಪತಿಯ ಮಗನಿಗೆ ಕೊಡುತ್ತೇನೆಂದು ಒಪ್ಪಿಕೊಂಡು ಬಂದರು. ಅವಳು ಮಧುಗಿರಿಯಲ್ಲಿ ನರ್ಸು. ಮದುವೆಯಾದ ಮೇಲೆ ಕೆಲಸ ಬಿಡಬೇಕು ಅನ್ನುವುದು ಆ ಬೀಗರ ಕರಾರು. ಹುಡುಗಿ ಬೇಡ ಅಂತ ಅತ್ತಳು. "ಕೊಟ್ಟ ಮಾತು ಕಣಮ್ಮ" ಅಂದರು ಭಾವ. ಅಲ್ಲಿಗೆ ಮುಗಿಯಿತು.

ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಎಲ್ಲ ಹೋದವು. ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಪೆಟ್ಟು ಬಿದ್ದಿರುವುದು ಮಿದುಳಿನ ಎಡ ಹೋಳಿಗಂತೆ. ಮಾತು ಕಟ್ಟುವ ಕೆಲಸ ಹೆಚ್ಚಿನವರಿಗೆ ಅಲ್ಲೇ ನಡೆಯುವುದಂತೆ. ಹಾಡಿಗೂ ಬಾಯಿಪಾಠದ ಬೈಗುಳಕ್ಕೂ ಬಲ ಹೋಳಿನ ಆಸರೆ ಇರುವುದರಿಂದ ಅವು ಉಳಿದರೂ ಉಳಿಯಬಹುದಂತೆ. ಉಳಿದವು ಸ್ವಾಮಿ! ಸೋಮವಾರದ ಭಜನೆಯಲ್ಲಿ ಭಾವ ಮೊದಲಿನ ಹಾಗೇ ಹಾಡುತ್ತಿದ್ದರು. ಮಾತಾಡಲು ಹೋದರೆ ಮಾತ್ರ ಬರುತ್ತಿದ್ದದ್ದು ಒಂದೇ: "ನಿನ್ ಮನೆ ಹಾಳಾಗ." ನೀರು ಬೇಕಾದರೂ ಅದೇ, ಅಕ್ಕನ ಮೇಲೆ ಅಕ್ಕರೆ ಬಂದರೂ ಅದೇ. ಜನ್ಮವಿಡೀ ನುಂಗಿಕೊಂಡ ಬೈಗುಳವೆಲ್ಲ ಬಲಗಡೆಯಲ್ಲಿ ಸೇರಿಕೊಂಡಿತ್ತೋ ಏನೋ.

ಇಷ್ಟಾದರೂ ಲಕ್ಷ್ಮೀಪತಿ ಪಟ್ಟು ಬಿಡಲಿಲ್ಲ. ವೀಳ್ಯಶಾಸ್ತ್ರದಲ್ಲಿ ಹೆಣ್ಣಿನ ತಂದೆ ಎಲೆ ಅಡಿಕೆಯ ತಟ್ಟೆ ಕೊಡುತ್ತಾ, "ಹೆಣ್ಣು ಕೊಟ್ಟೆ" ಎಂದು ಮೂರು ಸಲ ಹೇಳಬೇಕಲ್ಲ, ಅದನ್ನು ನಾನು ಹೇಳುತ್ತೇನೆಂದರೆ ಆ ಮನುಷ್ಯ ಬಿಲ್‌ಕುಲ್ ಒಪ್ಪಲಿಲ್ಲ. ತಂದೆಯ ಬಾಯಿಂದಲೇ ಬರಬೇಕಂತೆ. ಅಪ್ಪ ನಾಲ್ಕು ಜನರೆದುರು ನಗೆಪಾಟಲಾಗಬಾರದೆಂದು ಶಿವರಂಜನಿಯೇ ಕೂತು, ಆ ಮಾತನ್ನು ಭಜನೆಯ ಧಾಟಿಗೆ ಹಾಕಿ ಕಲಿಸಿದಳು: "ಕೊಟ್ಟೇ ಕೊಟ್ಟೆನು, ಮಗಳ ಕೊಟ್ಟೆನು." ಭಾವ ಬೇಗ ಕಲಿತರು. ಹುಡುಗಿ ತನ್ನ ಕೊರಳಿನ ಹಗ್ಗವನ್ನು ತಾನೇ ಹೊಸೆಯುತ್ತಿದ್ದಳು.

ಶಾಸ್ತ್ರದ ದಿನ ಭಾವನ ಎಡಗೈಗೆ ತಟ್ಟೆ ಕೊಟ್ಟೆವು. ಶಿವರಂಜನಿ ಪಕ್ಕದಲ್ಲಿ ನಿಂತು ಮೆಲ್ಲಗೆ ಧಾಟಿ ಎತ್ತಿಕೊಟ್ಟಳು. ದನಿ ನಡುಗಿತು. ಭಾವ ಮಗಳ ಮುಖವನ್ನು ನೋಡಿದರು. ಆಮೇಲೆ ಬೀಗರ ಕಡೆ ತಿರುಗಿ, ಧಾಟಿಯೂ ಇಲ್ಲ ಗೀಟಿಯೂ ಇಲ್ಲ, "ನಿನ್ ಮನೆ ಹಾಳಾಗ" ಅಂದರು. ಶಾಸ್ತ್ರೋಕ್ತವಾಗಿ ಮೂರು ಸಲ.

ಲಕ್ಷ್ಮೀಪತಿ ದಡಾರನೆ ಎದ್ದು ಹೊರಟ. ನಾನು ಹಿಂದೆಯೇ ಓಡಿದೆ. ಅದು ಬೇಕಂತ ಅಂದದ್ದಲ್ಲ ಯಜಮಾನರೇ, ಎಡಗಡೆ ಕೆಟ್ಟು ಬಲಗಡೆ ಮಾಡುತ್ತಿರುವ ಕಿತಾಪತಿ ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಬಡಬಡಿಸಿದೆ.

"ಎಡವೋ ಬಲವೋ, ಮೂರ್ ಸಲ ಅಂದ್‌ಮ್ಯಾಕೆ ಅಂದಂಗೇ ಕಣಯ್ಯ" ಎಂದು ಆತ ಕಾರು ಹತ್ತಿದ.

ಒಳಗೆ ಬಂದರೆ ಅಕ್ಕ ಇಂದ್ರಮ್ಮ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಕಾಯಿಲೆ ಮನುಷ್ಯ, ಏನೂ ತಿಳಿಯದೆ ಅಂದುಬಿಟ್ಟರು ಎಂದು ನಾನು ಅವಳಿಗೂ ಅದನ್ನೇ ಒಪ್ಪಿಸಿದೆ. ಶಿವರಂಜನಿ ಅಪ್ಪನ ಮುಂದೆ ಕೂತು ಕೇಳಿದಳು, "ಅಪ್ಪಾ, ಬೇಕಂತ್ಲೇ ಅಂದ್ಯಾ?"

ಭಾವ ಎಡಗೈಯನ್ನು ಅವಳ ತಲೆಯ ಮೇಲಿಟ್ಟು ಸಣ್ಣಗೆ ಹಾಡಿದರು: "ಕೊಡೇ ಕೊಡೆನು, ಮಗಳ ಕೊಡೆನು."

ಆ 'ಕೊಡೆನು' ಎಂಬುದನ್ನು ನಾವ್ಯಾರೂ ಅವರಿಗೆ ಕಲಿಸಿರಲಿಲ್ಲ.