ರತ್ನಿಯ ಮಷಿನ್ನು, ಮಾಗಳದ ತಮಟೆ, ನಮ್ಮ ಪಕ್ಕೀರಮ್ಮ ಚಿಗವ್ವ

ನಾನು ಅಂಜಿನಿ. ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ, ಸಾಲುಗಳು ಬಲಗಡೆ ಹೋಗುತ್ತ ಹೋಗುತ್ತ ಮೇಲಕ್ಕೆ ಏರುತ್ತವೆ. ಒಂಬತ್ತನೇ ತರಗತಿಯಲ್ಲೇ ಶಾಲೆ ಬಿಟ್ಟವಳಾದ್ದರಿಂದ ಮಾತುಗಳೂ ಸಾಲುವುದಿಲ್ಲ. ನಮ್ಮ ಓಣಿಯ ಕಲಿಕಾ ಕೇಂದ್ರದ ಕೈಬರಹದ ಪತ್ರಿಕೆಗೆ, ಗೊತ್ತಿರುವ ಒಬ್ಬರ ಬಗ್ಗೆ ಬರೆದು ಕೊಡು ಎಂದಿದ್ದಾರೆ. ನನಗೆ ಚೆನ್ನಾಗಿ ಗೊತ್ತಿರುವವಳು ಪಕ್ಕೀರಮ್ಮ ಚಿಗವ್ವ. ಬರೆಯಲು ಕುಳಿತ ಮೇಲೆ ಅವಳೂ ಪೂರ್ತಿ ಗೊತ್ತಿಲ್ಲ ಅನ್ನಿಸುತ್ತಿದೆ.

ಚಿಗವ್ವ ನನ್ನ ಅವ್ವನ ತಂಗಿ. ಕೊಟ್ಟೂರಿನ ಮಂಡಕ್ಕಿ ಭಟ್ಟಿಯಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಾಳೆ. ಕಾದ ಮರಳಿಗೆ ಅಕ್ಕಿ ಬಿದ್ದರೆ ಮೊದಲು ಸರಸರ ಎನ್ನುತ್ತದೆ, ಆಮೇಲೆ ಚಟಚಟ ಎನ್ನುತ್ತದೆ. ಆ ಚಟಚಟ ನಿಲ್ಲುವುದಕ್ಕೆ ಸ್ವಲ್ಪ ಮೊದಲೇ ಜರಡಿಗೆ ಸುರಿಯಬೇಕು. ತಡವಾದರೆ ಮಂಡಕ್ಕಿ ಕೆಂಪಗಾಗುತ್ತದೆ. ಹೊಗೆಯಲ್ಲಿ ಕಣ್ಣು ಕಾಣುವುದಿಲ್ಲ. ಚಿಗವ್ವ ಕಿವಿಯಿಂದಲೇ ಹದ ತಿಳಿಯುತ್ತಾಳೆ. ದಿನಾ ಭಟ್ಟಿ ಹಚ್ಚುವ ಮೊದಲು ಒಲೆಯ ಬಾಯಿಗೆ, ಬಾಣಲೆಗೆ, ಜರಡಿಗೆ ವಿಭೂತಿ ಹಚ್ಚಿ ಕೈ ಮುಗಿಯುತ್ತಾಳೆ.

ಇಂಥ ಕಿವಿಯವಳ ಮಗಳು ನಾಗರತ್ನಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ನಾವು ಅವಳನ್ನು ರತ್ನಿ ಎನ್ನುತ್ತೇವೆ. ನಾಲ್ಕು ವರ್ಷದವಳಿದ್ದಾಗ, ಹೋದ ವರ್ಷ 2006ರಲ್ಲಿ, ಪುಣ್ಯವಂತರ ಒಂದು ಟ್ರಸ್ಟಿನವರು ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿದರು. ಒಂದು ಭಾಗ ತಲೆಯ ಚರ್ಮದ ಒಳಗಿದೆ. ಇನ್ನೊಂದು ಭಾಗ ಕಿವಿಯ ಹಿಂದೆ ಕೂರುವ ಮಷಿನ್ನು. ಅದರ ವೈರಿನ ತುದಿಯ ಬಿಲ್ಲೆ ಅಯಸ್ಕಾಂತದಿಂದ ತಲೆಗೆ ಅಂಟಿಕೊಳ್ಳುತ್ತದೆ. ಹೊರಗಿನದನ್ನು ತೆಗೆದರೆ ರತ್ನಿಗೆ ಏನೂ ಕೇಳಿಸುವುದಿಲ್ಲ. ಕೇಳುವುದನ್ನು ಮೆದುಳು ಕಲಿಯುವ ವಯಸ್ಸು ಇದು, ಈಗ ಮಷಿನ್ನು ಬಿಡಿಸಿದರೆ ಮುಂದೆ ಎಷ್ಟು ಹಾಕಿದರೂ ಮಾತು ಬರುವುದು ಕಷ್ಟ ಎಂದು ದಾವಣಗೆರೆಯಲ್ಲಿ ಪರೀಕ್ಷೆ ಮಾಡುವ ಮೇಡಂ ಹೇಳಿದ್ದರು.

ಚಿಗವ್ವನಿಗೆ ಓದಲು ಬರುವುದಿಲ್ಲ, ಚಿಗಪ್ಪ ಗಾದೆಪ್ಪ ಲಾರಿಯ ಮೇಲೆ ಊರೂರು ತಿರುಗುತ್ತಾನೆ. ನಾನು ಮನೆಯಲ್ಲೇ ಇದ್ದೆನಲ್ಲ, ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಅವರ ಜೊತೆ ಹೋಗುವುದು ನನ್ನ ಪಾಲಿಗೆ ಬಂತು. ಮೇಡಂ ಹೇಳಿಕೊಟ್ಟ ಹಾಗೆ ನಾನು ದಿನಾ ಬೆಳಿಗ್ಗೆ ಬಾಯಿಗೆ ಕೈ ಅಡ್ಡ ಹಿಡಿದು ಆ, ಈ, ಊ, ಮ್, ಶ್, ಸ್ ಎಂದು ಒಂದೊಂದಾಗಿ ಹೇಳಬೇಕು. ಕೇಳಿಸಿದಾಗ ರತ್ನಿ ಬಟ್ಟಲಿಗೆ ಹುಣಸೆ ಬೀಜ ಹಾಕಬೇಕು. ಹಾಕಿದರೆ ನಾನು ವಹಿಯಲ್ಲಿ ರೈಟು ಹಾಕುತ್ತೇನೆ.

ಈ ವರ್ಷ, 2007ರ ಶ್ರಾವಣದಲ್ಲಿ, ಮೊದಲು ‘ಸ್’ಗೆ ಬೀಜ ಬೀಳುವುದು ನಿಂತಿತು. ಆಮೇಲೆ ‘ಶ್’ ನಿಂತಿತು. ನನ್ನ ದನಿಯೇ ಸಣ್ಣದು. ಶಾಲೆಯಲ್ಲಿ ಎದ್ದು ನಿಂತು ಉತ್ತರ ಹೇಳಿದರೆ ಮುಂದಿನ ಬೆಂಚಿನವರಿಗೂ ಕೇಳಿಸುತ್ತಿರಲಿಲ್ಲ. ತಪ್ಪು ನನ್ನದೇ ಇರಬೇಕೆಂದು ಯಾರಿಗೂ ಹೇಳಲಿಲ್ಲ. ರತ್ನಿ ಕರೆದರೆ ತಿರುಗುವುದು ಕಡಿಮೆಯಾದದ್ದು ಚಿಗವ್ವನಿಗೂ ಕಂಡಿತು. ಅವಳು ಅದನ್ನು ಭಟ್ಟಿಯಲ್ಲಿ ಹೇಳಿಕೊಂಡಳು.

ಅಲ್ಲಿಯೇ ಪ್ರವೀಣಕುಮಾರರ ಸುದ್ದಿ ಬಂದದ್ದು. ಅವರು ನಮ್ಮೂರ ಬಟ್ಟೆ ಅಂಗಡಿಯವರ ಮಗ. ಯಾರೋ ವಿದೇಶಿ ಗುರುವಿನ ಹತ್ತಿರ ಶಿಬಿರದಲ್ಲಿ ಕಲಿತು ಬಂದು, ಹಡಗಲಿ ಕಡೆ ಮಾಗಳದಲ್ಲಿ ಹೊಳೆದಂಡೆಗೆ ಮರದ ಪಟ್ಟಿಯ ದೊಡ್ಡ ಅಟ್ಟ ಕಟ್ಟಿಸಿದ್ದರು. ಹೆದರಿಕೆಯಾದಾಗ ಆತ್ಮದ ಒಂದು ತುಂಡು ಮನುಷ್ಯನನ್ನು ಬಿಟ್ಟು ಹೋಗುತ್ತದಂತೆ. ಅವರು ತಮಟೆಯ ಸದ್ದಿನ ಮೇಲೆ ಹೋಗಿ ಅದನ್ನು ಕರೆತರುತ್ತಾರಂತೆ, ಅದರ ಜೊತೆ ಹೋದ ಕಿವಿಯೂ ಮರಳುತ್ತದಂತೆ.

ಭಟ್ಟಿಯಲ್ಲಿ ಜರಡಿ ಹಿಡಿಯುವ, ಜಾತ್ರೆಯಲ್ಲಿ ತಮಟೆ ಬಡಿಯುವ ಹುಲುಗಣ್ಣ ನಕ್ಕುಬಿಟ್ಟ. “ಯಕ್ಕಾ, ನಾವು ತಮಟಿ ಬಡಿದ್ರ ನಿದ್ದಿ ಕೆಡ್ತೈತಿ ಅಂತ ಬೈತಾರ. ಅವರು ಬಡಿದ್ರ ಗುರುಗಳು ಅಂತಾರ. ತಲಿಗೆ ನವಿಲುಗರಿ ಕಟ್ಟ್ಯಾರಲ್ಲ, ಅದಕ್ಕ ಇರಬೇಕು.”

“ನೀ ಸುಮ್ಮನ ಜಲ್ಲಡಿ ಹಿಡಿಯಲೇ. ಗರಿಯರ ಕಟ್ಲಿ, ಕೊಂಬರ ಕಟ್ಲಿ, ನನ್ನ ಮಗಳಿಗೆ ಕೇಳ್ಸಿದ್ರ ಸಾಕು” ಎಂದಳು ಚಿಗವ್ವ.

ಭಾನುವಾರ ನಾವು ಮೂವರೂ ಮಾಗಳಕ್ಕೆ ಹೋದೆವು. ಪ್ರವೀಣಕುಮಾರರು ಒಳ್ಳೆಯವರು, ಇದನ್ನು ಬರೆಯಲೇಬೇಕು. ರತ್ನಿಯ ಮುಂದೆ ಮಂಡಿಯೂರಿ ಕುಳಿತು ಅವಳ ಕೈಗೇ ತಮಟೆ ಕೊಟ್ಟರು. ಆಮೇಲೆ, “ಅಮ್ಮಾರ, ಗಡಿಯಾರ, ಉಂಗುರ, ಆ ಮಷಿನ್ನು, ಎಲ್ಲಾ ತೆಗೀರಿ. ಹೋಗೋ ದಾರ್ಯಾಗ ಭಾರ ಇರಬಾರ್ದು” ಎಂದರು. ಎಲ್ಲರೂ ಅಟ್ಟದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದೆವು. ಒಂದೇ ಸಮನೆ ತಮಟೆ ಹೊಡೆಯುತ್ತ ಹೋದರು. ನಿಮ್ಮನ್ನು ಕಾಯುವ ಪ್ರಾಣಿ ಎದುರಿಗೆ ಬರುತ್ತದೆ, ನೋಡಿ ಎಂದರು. ನನಗೆ ಎಮ್ಮೆ ಬಂತು. ಅದು ನನ್ನನ್ನು ಕಾಯುವ ಎಮ್ಮೆಯೋ, ಬರುವಾಗ ಹೊಳೆಯಲ್ಲಿ ಕಂಡ ಎಮ್ಮೆಯೋ ತಿಳಿಯಲಿಲ್ಲ. ಬೆನ್ನೆಲ್ಲ ಜುಮ್ಮೆನ್ನುತ್ತಿತ್ತು.

ತಮಟೆ ನಿಂತಿತು. ಅದೇ ಕ್ಷಣ ರತ್ನಿ ಎದ್ದು ಕುಳಿತು ಕೈ ಎತ್ತಿದಳು, ಕಿಲಕಿಲ ನಕ್ಕಳು. ಮತ್ತೆ ಹೊಡೆದರು, ಮಲಗಿದಳು. ನಿಲ್ಲಿಸಿದರು, ಎದ್ದಳು. ಮಷಿನ್ನು ನನ್ನ ಕೈಯಲ್ಲಿತ್ತು.

“ನೋಡ್ರಿ, ಕೂಸಿನ ಒಳಗಿವಿ ಜೀವಂತ ಐತಿ” ಎಂದರು ಪ್ರವೀಣಕುಮಾರರು. ಅವರ ಕಣ್ಣಲ್ಲಿ ನೀರಿತ್ತು. ಚಿಗವ್ವ ಅವರ ಕಾಲು ಮುಟ್ಟಿದಳು.

ಅಂದಿನಿಂದ ಹನ್ನೊಂದು ದಿನ ಮಷಿನ್ನು ಡಬ್ಬಿಯಲ್ಲೇ ಇತ್ತು. ಚಿಗವ್ವ ದಾವಣಗೆರೆಗೂ ಬರುವುದಿಲ್ಲವೆಂದಳು. “ಹಾಕಿದ್ರ ಕೇಳೂದಿಲ್ಲ, ತೆಗೆದ್ರ ಕೇಳತೈತಿ. ಕೂಸಿನ ತಲಿ ಕೊರಸಿದ್ದು ಯಾಕಂತ ನೀನ ಹೇಳವ್ವ ಅಂಜಿನಿ” ಎಂದಳು. ನಾನೇ ಕಣ್ಣಾರೆ ಕಂಡಿದ್ದೆ. ಆದರೂ ಎರಡು ದಿನ ಯೋಚಿಸಿ, “ಚಿಗವ್ವಾ, ಒಮ್ಮೆ ಮೇಡಂಗ ಕೇಳೋಣು. ಆಮ್ಯಾಲ ನೀ ಹ್ಯಾಂಗಂತಿ ಹಾಂಗ” ಎಂದೆ. ಬಂದಳು.

ಪರೀಕ್ಷೆಯ ಕೋಣೆ ಸದ್ದು ಹೋಗದ ಹಾಗೆ ಮುಚ್ಚಿರುತ್ತದೆ. ಕೇಳಿಸಿದಾಗೆಲ್ಲ ರತ್ನಿ ಸಣ್ಣ ಕಂಬಕ್ಕೆ ಪ್ಲಾಸ್ಟಿಕ್ ಬಳೆ ಹಾಕಬೇಕು. ಚಿಗವ್ವ ಎಲ್ಲವನ್ನೂ ಹೇಳಿದಳು. ಮೇಡಂ ಬೈಯಲಿಲ್ಲ. ಮಷಿನ್ನು ಇಲ್ಲದೆ ದೊಡ್ಡ ಸದ್ದು ಬಿಟ್ಟರು, ಬಳೆ ಬೀಳಲಿಲ್ಲ. ಆಮೇಲೆ ಆಟದ ತಮಟೆಯೊಂದನ್ನು ರತ್ನಿ ಕೈಯೂರಿದ್ದ ಮೇಜಿನ ಮೇಲಿಟ್ಟು ಹೊಡೆದರು. ಬಳೆ ಬಿತ್ತು! ಚಿಗವ್ವ ನನ್ನ ತೋಳು ಹಿಡಿದಳು. ಅದೇ ತಮಟೆಯನ್ನು ಎತ್ತಿ ಹಿಡಿದು ಅವಳ ಬೆನ್ನ ಹಿಂದೆ ಹೊಡೆದರು. ಬೀಳಲಿಲ್ಲ. ಮೂರು ಸಲ ಹಾಗೆಯೇ ಮಾಡಿದರು.

“ಸದ್ದಿನ ನಡುಕ ಮರದಿಂದ ಮೈಗೆ ಬರುತ್ತದಮ್ಮ. ಅದು ಅವಳಿಗೆ ಗೊತ್ತಾಗುತ್ತದೆ. ಆದರೆ ನಿಮ್ಮ ಮಾತು ಮರದಿಂದ ಬರುವುದಿಲ್ಲ” ಎಂದರು ಮೇಡಂ.

ಮಷಿನ್ನು ಹಾಕಿ ನೋಡಿದರೂ ಬಹಳ ಬಳೆ ಬೀಳಲಿಲ್ಲ. ಮೇಡಂ ಅದನ್ನು ಬಿಚ್ಚಿ, ಸದ್ದು ಒಳಗೆ ಹೋಗುವ ಸಣ್ಣ ತೂತುಗಳನ್ನು ಭೂತಗನ್ನಡಿಯಿಂದ ನೋಡಿದರು. ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು.

“ಪೌಡರ್ ಹಚ್ಚುತ್ತೀರಾ?”

“ಪೌಡರಲ್ಲರೀ, ವಿಭೂತಿ. ದಿನಾ ಹಚ್ಚಿ ಕೈ ಮುಗದಽ ಹಾಕತೀನ್ರಿ. ನನ್ನ ಕೂಸಿಗೆ ಮಾತು ಕೊಡೋ ಸಾಮಾನಲ್ರಿ ಅದು.”

ಮೇಡಂ ಭೂತಗನ್ನಡಿ ಕೆಳಗಿಟ್ಟರು. “ಇನ್ನು ಮೇಲೆ ಡಬ್ಬಿಗೆ ಹಚ್ಚಿರಿ” ಎಂದರು. ನನ್ನ ವಹಿ ತಿರುವಿ ಹಾಕಿ, “ತಿಂಗಳ ಹಿಂದೆಯೇ ಕಡಿಮೆಯಾಗಿದೆ. ಯಾಕಮ್ಮ ಹೇಳಲಿಲ್ಲ?” ಎಂದರು. ನನಗೆ ಅಳು ಬಂತು.

ತೂತುಗಳ ಮೇಲಿನ ಮುಚ್ಚಳ ಬದಲಿಸಿ ಮತ್ತೆ ಹಾಕಿದರು. ‘ಸ್’ ಎಂದೊಡನೆ ಬಳೆ ಬಿತ್ತು. ಮರುಗಳಿಗೆಗೆ ಕುರ್ಚಿ ಸರಿಸಿದ ಸದ್ದಿಗೆ ರತ್ನಿ ಚೀರಿ ಅತ್ತು, ಬಿಲ್ಲೆ ಕಿತ್ತು ಎಸೆದಳು. ಹನ್ನೊಂದು ದಿನ ಬಿಟ್ಟದ್ದಕ್ಕೆ ಹೀಗಾಗುತ್ತದೆ, ಸದ್ದು ತಗ್ಗಿಸಿದ್ದೇನೆ, ಮೊದಲ ದಿನ ಒಂದು ತಾಸು ಹಾಕಿ ದಿನಾ ಹೆಚ್ಚಿಸುತ್ತ ಹೋಗಿ ಎಂದರು ಮೇಡಂ.

ಬಸ್ಸು ಹರಪನಹಳ್ಳಿ ದಾಟಿತು. ಮಷಿನ್ನಿನ ಡಬ್ಬಿ ಚಿಗವ್ವನ ಮಡಿಲಲ್ಲಿತ್ತು. ರತ್ನಿ ಕಿಟಕಿಯ ಕಂಬಿಗೆ ಕೆನ್ನೆ ಒತ್ತಿಕೊಂಡು ಆ ನಡುಕಕ್ಕೆ ನಗುತ್ತಿದ್ದಳು.

“ನೋಡು, ಹೀಂಗ ನಗತಾಳ” ಎಂದಳು ಚಿಗವ್ವ. “ಅದನ್ನ ಹಾಕಿದ್ರ ಅಳತಾಳ. ವಿಭೂತಿ ಹಚ್ಚಿ ಕೂಸಿನ ಕಿವಿ ನಾನಽ ಮುಚ್ಚಿದೆ. ಈಗ ಕೂಸನ್ನ ಅಳಿಸಿ ಆ ಕಿವಿ ತೆಗೀಬೇಕಂತ. ಯಾವುದು ಖರೇ ಅಂಜಿನಿ? ಆ ಗುರುಗಳು ಸುಳ್ಳು ಹೇಳಿದ್ರೇನು?”

“ಸುಳ್ಳು ಅಂತ ಅನ್ನಸೂದಿಲ್ಲ ಚಿಗವ್ವಾ. ಅವರಿಗೂ ಗೊತ್ತಿರಲಿಲ್ಲ ಕಾಣ್ತೈತಿ.”

“ಹಂಗಾರ ಗೊತ್ತಿರೋದು ಯಾರಿಗೆ?”

ರತ್ನಿ ನಕ್ಕದ್ದು ನಿಜ, ಬೆನ್ನ ಹಿಂದೆ ಹೊಡೆದಾಗ ಬಳೆ ಬೀಳದಿದ್ದದ್ದೂ ನಿಜ. ಇವತ್ತು ಸಂಜೆ ಮನೆಗೆ ಬಂದ ಮೇಲೆ ಚಿಗವ್ವ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, “ನನ್ನ ಕೈಲಿ ಕೂಸನ್ನ ಅಳಿಸಾಕ ಆಗೂದಿಲ್ಲ” ಎಂದು ಒಳಗೆ ಹೋದಳು.

ನಾಳೆ ಚಿಗವ್ವ ಭಟ್ಟಿಗೆ ಹೋದ ಮೇಲೆ ರತ್ನಿಗೆ ನಾನೇ ಮಷಿನ್ನು ಹಾಕುತ್ತೇನೆ. ಅತ್ತರೂ ಒಂದು ತಾಸು ತೆಗೆಯುವುದಿಲ್ಲ. ನಾಳಿದ್ದು ಒಂದೂವರೆ ತಾಸು ಹಾಕುತ್ತೇನೆ.